ಬಳ್ಳಾರಿಯವರೇ, "ಸರ ಬಿಚ್ಚಿ ಚೀಲದಾಗ ಇಟ್ಕೊಳ್ರಿ" ಅನ್ನೋರು ಪೊಲೀಸರಲ್ಲ

ಶ್ರಾವಣದ ಶುಕ್ರವಾರ. ಅಮ್ಮ ಕನಕದುರ್ಗಮ್ಮನ ಗುಡಿಗೆ ಹೋಗಿ, ಆಟೋ ಇಳಿದು ನಮ್ಮ ಓಣಿ ಕಡೆ ನಡೆದು ಬರುತ್ತಿದ್ದಳು. ಬೆಳಗ್ಗೆ ಏಳೂವರೆ ಇರಬಹುದು. ಹಾಲಿನವನು ಬಂದು ಹೋಗಿದ್ದ, ಅಂಗಡಿಗಳು ಇನ್ನೂ ತೆರೆದಿರಲಿಲ್ಲ.

ಬೈಕಿನಲ್ಲಿ ಇಬ್ಬರು ಬಂದು ನಿಲ್ಲಿಸಿದರು. ಖಾಕಿ ಪ್ಯಾಂಟು, ಕಂದು ಬೂಟು, ಮೇಲೆ ಸಾದಾ ಅಂಗಿ. ಹಿಂದೆ ಕೂತವನು ಒಂದು ಕಾರ್ಡು ತೆಗೆದು ಹಾಗೇ ಜೇಬಿಗೆ ಇಳಿಸಿದ. "ಯಮ್ಮಾ, ರಾತ್ರಿ ಮುಂದಿನ ಓಣಿಯಾಗ ಒಬ್ಬಾಕಿ ಕೊಳ್ಳಿಗೆ ಚಾಕು ಹಿಡಿದು ಸರ ಕಿತ್ಕೊಂಡು ಹೋಗ್ಯಾರ. ಸಾಹೇಬ್ರು ಚೆಕಿಂಗ್ ಹಾಕ್ಯಾರ. ನೀವು ನೋಡಿದ್ರ ಇಷ್ಟು ಬಂಗಾರ ಹಾಕ್ಕೊಂಡು ಒಬ್ರೇ ಹೊಂಟೀರಿ" ಅಂದ.

ಅಮ್ಮ ಅಷ್ಟಕ್ಕೇ ನಂಬುವವಳಲ್ಲ. ತರಕಾರಿಯವನ ತಕ್ಕಡಿಯನ್ನೂ ಎರಡು ಸಲ ನೋಡುವವಳು. ನಂಬಿಸಿದ್ದು ಮೂರನೆಯವನು. ಕೊರಳಲ್ಲಿ ಚೈನು ಹಾಕಿಕೊಂಡು ಅದೇ ಹೊತ್ತಿಗೆ ನಡೆದು ಬಂದ. ಇವರು ಅವನನ್ನೂ ತಡೆದು ಬೈದರು. ಅವನು ಗೊಣಗುತ್ತಾ ಚೈನು ಬಿಚ್ಚಿಕೊಟ್ಟ, ಇವರು ಪೇಪರಿನಲ್ಲಿ ಸುತ್ತಿ ವಾಪಸ್ ಕೊಟ್ಟರು, "ಸರಿ ಸಾರ್" ಅಂತ ಹೋದ. ಅವನೂ ಅದೇ ಗುಂಪಿನವನು ಅಂತ ಆ ಕ್ಷಣಕ್ಕೆ ಯಾರಿಗೆ ಹೊಳೆಯುತ್ತೆ ಹೇಳಿ?

ಅಮ್ಮನೂ ಬಿಚ್ಚಿಕೊಟ್ಟಳು. ಮೂರು ತೊಲದ ಎರಡೆಳೆ ಸರ, ಎರಡು ಬಳೆ. ಕಣ್ಣೆದುರೇ ಪೇಪರಿನಲ್ಲಿ ಸುತ್ತಿ, ಅವಳದೇ ಕರ್ಚೀಫಿನಲ್ಲಿ ಗಂಟು ಹಾಕಿ, ಪ್ರಸಾದದ ಚೀಲದಲ್ಲಿ ತೆಂಗಿನ ಹೋಳಿನ ಕೆಳಗೆ ಇಟ್ಟುಕೊಟ್ಟರು. "ಮನಿ ಮುಟ್ಟೋ ತನಕ ಬಿಚ್ಚಬ್ಯಾಡ್ರಿ."

ಮನೆಗೆ ಬಂದು ಬಿಚ್ಚಿದರೆ ಎರಡು ಜಲ್ಲಿಕಲ್ಲು, ಒಂದು ಪ್ಲಾಸ್ಟಿಕ್ ಬಳೆ. ಕೈಗೆ ತೂಕ ಮಾತ್ರ ಸರಿಯಾಗಿಯೇ ಇತ್ತಂತೆ.

ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಸರಕ್ಕಲ್ಲ, ಆಮೇಲಿನ ನಾಲ್ಕು ತಾಸಿಗೆ. ಅಮ್ಮ ಯಾರಿಗೂ ಹೇಳಲಿಲ್ಲ. ದೇವರ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದಳು. ಪೂಜೆ ಅಂದುಕೊಂಡೆವು. "ನೀನು ಬೈತೀಯ ಅಂತ" ಅಂದಳು ಕೊನೆಗೆ. ಮೊಬೈಲು ಕೈಯಲ್ಲೇ ಇತ್ತು. ನಿಂತ ಜಾಗದಿಂದ ಪೊಲೀಸರ ತುರ್ತು ನಂಬರ್ 112ಕ್ಕೆ ಒಂದು ಫೋನ್ ಹೋಗಿದ್ದರೆ ಊರು ದಾಟುವ ರಸ್ತೆಗಳಲ್ಲಾದರೂ ನೋಡುತ್ತಿದ್ದರು. ನಿಮ್ಮ ಮನೆಯ ಹಿರಿಯರಿಗೆ ಇವತ್ತೇ ಹೇಳಿಬಿಡಿ, ಏನೇ ಕಳಕೊಂಡರೂ ಬೈಯಲ್ಲ, ಮೊದಲು ಫೋನ್ ಮಾಡಿ ಅಂತ.

ಠಾಣೆಯ ಕಥೆ ಬೇರೆ. ಮೊದಲು ಹೋದ ಕಡೆ "ಆ ಜಾಗ ನಮ್ಮ ಲಿಮಿಟ್ಸ್ ಅಲ್ಲ" ಅಂದರು. ಆಮೇಲೆ ಇನ್ನೊಬ್ಬರು ಬಲು ಸಲೀಸಾಗಿ, "ಕಳೆದುಹೋಗಿದೆ ಅಂತ ಇ-ಲಾಸ್ಟ್‌ನಲ್ಲಿ ಹಾಕಿಬಿಡಿ, ಬೇಗ ಆಗುತ್ತೆ" ಅಂದರು. ಇ-ಲಾಸ್ಟ್ ಅಂದರೆ ಕಳೆದುಹೋದ ವಸ್ತುಗಳ ಬಗ್ಗೆ ನಾವೇ ದಾಖಲಿಸುವ ಪೊಲೀಸರ ಆ್ಯಪ್. ದಯವಿಟ್ಟು ಇದಕ್ಕೆ ಒಪ್ಪಬೇಡಿ. ಕಳೆದುಹೋದ ವಸ್ತುವಿಗೆ ಕಳ್ಳನೇ ಇರುವುದಿಲ್ಲ, ಹುಡುಕುವವರೂ ಇರುವುದಿಲ್ಲ. ಪರ್ಸು, ಮಾರ್ಕ್ಸ್‌ಕಾರ್ಡು ಬಿದ್ದುಹೋದರೆ ಅದು ಸರಿ. ಮೋಸಕ್ಕೆ ಎಫ್‌ಐಆರ್ ಬೇಕು. 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನಲ್ಲಿ, ಅಂದರೆ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲಿ, ಜಾಗ ಯಾವ ಠಾಣೆಯದಾದರೂ ದೂರು ಬರೆದುಕೊಳ್ಳಬೇಕು, ಪ್ರತಿಯನ್ನು ಪುಕ್ಕಟೆ ಕೊಡಬೇಕು ಅಂತಿದೆ. ತೆಗೆದುಕೊಳ್ಳದಿದ್ದರೆ ಎಸ್‌ಪಿಯವರಿಗೆ ಅಂಚೆಯಲ್ಲಿ ಬರೆಯಬಹುದು. ಪೊಲೀಸ್ ಅಂತ ಸುಳ್ಳು ಹೇಳಿದ್ದಕ್ಕೇ ಐಪಿಸಿ ಬದಲು ಬಂದ ನ್ಯಾಯ ಸಂಹಿತೆಯ 204ನೇ ಕಲಂ ಬೇರೆ ಇದೆ, ಕಡಿಮೆ ಅಂದರೂ 6 ತಿಂಗಳು, 3 ವರ್ಷದವರೆಗೆ ಜೈಲು. ಇಷ್ಟು ಓದಿಕೊಂಡು ಮತ್ತೆ ಹೋದೆ. ದನಿ ಏರಿಸಲಿಲ್ಲ, ಕೂತಲ್ಲಿಂದ ಏಳಲೂ ಇಲ್ಲ. ಸಂಜೆ ಐದಕ್ಕೆ ಎಫ್‌ಐಆರ್ ಆಯಿತು.

ಬಿಲ್ ಕೇಳಿದರು. ತವರಿನಲ್ಲಿ ಹಾಕಿದ ಸರಕ್ಕೆ ಎಲ್ಲಿಯ ಬಿಲ್ಲು? ತಂಗಿಯ ಮದುವೆ ಆಲ್ಬಮ್ ಕೈಹಿಡಿಯಿತು. ನಿಮ್ಮ ಬಂಗಾರವನ್ನೂ ಹತ್ತಿರದಿಂದ ಒಂದು ಫೋಟೋ ತೆಗೆದಿಟ್ಟಿರಿ, ಮುಂದೆ ಸಿಕ್ಕರೆ ಗುರುತು ಹೇಳೋಕೆ ಅದೇ ಆಧಾರ. ಮೂಲೆಯ ಅಂಗಡಿಯ ಸಿಸಿಟಿವಿ ಬಗ್ಗೆ ಹೇಳದಿರುವುದೇ ವಾಸಿ. ಕ್ಯಾಮೆರಾ ಇತ್ತು, ಮುಖ ಮಾತ್ರ ಅವರದೇ ಶಟರ್ ಕಡೆಗಿತ್ತು.

ನಿಜವಾದ ಪೊಲೀಸರು ರಸ್ತೆಯಲ್ಲಿ ನಿಲ್ಲಿಸಿ ಬಂಗಾರ ಬಿಚ್ಚಿಸಿ ಪೊಟ್ಟಣ ಕಟ್ಟಿಕೊಡುವುದಿಲ್ಲ. ಯಾರಾದರೂ ಹಾಗಂದರೆ ಅಲ್ಲೇ ಜೋರಾಗಿ ಕೂಗಿ, ಪಕ್ಕದ ಮನೆಯ ಬಾಗಿಲು ಬಡಿಯಿರಿ. "ಸ್ಟೇಷನ್ನಿಗೇ ಬರ್ತೀನಿ ನಡೀರಿ" ಅಂತಲೂ ಅನ್ನಬಹುದು, ಆದರೆ ಅವರ ಬೈಕು ಹತ್ತಬೇಡಿ.

ಇನ್ನೊಂದು ಮಾತು. ನಮ್ಮ ಓಣಿಗೆ ಒಬ್ಬ ಬೀಟ್ ಪೊಲೀಸ್ ಇದ್ದಾರೆ ಅನ್ನುವುದೇ ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಪ್ರತಿ ಠಾಣೆಯ ಏರಿಯಾವನ್ನೂ ಬೀಟ್‌ಗಳಾಗಿ ಹಂಚಿರುತ್ತಾರೆ. ಠಾಣೆಗೆ ಹೋಗಿ ನಿಮ್ಮವರು ಯಾರು ಅಂತ ಕೇಳಿ ನಂಬರ್ ತಗೊಳ್ಳಿ. ಮುಖ ಪರಿಚಯ ಇದ್ದರೆ ಇಂಥ ನಕಲಿಗಳು ಬಂದಾಗ ಅನುಮಾನವಾದರೂ ಬರುತ್ತೆ, ಅಲ್ವಾ?

ಹೋದ ವಾರ ನಮ್ಮ ಬೀಟ್‌ನವರು ಮನೆಗೆ ಬಂದಿದ್ದರು, ಯೂನಿಫಾರ್ಮಿನಲ್ಲೇ. ಅಮ್ಮ ಚಿಲಕ ತೆಗೆಯಲಿಲ್ಲ. ಕಿಟಕಿಯಿಂದಲೇ ಐಡಿ ಕಾರ್ಡ್ ಈಸಿಕೊಂಡು, ಕನ್ನಡಕ ಹುಡುಕಿ ಹಾಕಿಕೊಂಡು, ಹಿಂದೆ ಮುಂದೆ ತಿರುವಿ ಓದಿದಳು. ಪಾಪ, ಅವರು ಬಿಸಿಲಲ್ಲಿ ನಿಂತೇ ಇದ್ದರು. ಸರ ಇನ್ನೂ ಸಿಕ್ಕಿಲ್ಲ.