.32ರಲ್ಲೇ ಎರಡು: ರಿವಾಲ್ವರೋ, ಪಿಸ್ತೂಲೋ?

ಕೋಲಾರದ ಟೊಮೇಟೊ ಮಂಡಿ ವ್ಯಾಪಾರಿಯೊಬ್ಬರಿಗೆ ಜಿಲ್ಲಾಧಿಕಾರಿ ಕಚೇರಿಯಿಂದ ಆತ್ಮರಕ್ಷಣೆಗೆ ಕೈಬಂದೂಕಿನ ಪರವಾನಗಿ ಸಿಕ್ಕಿತು ಎನ್ನಿ. 9 ಎಂಎಂ ಆಸೆ ಬಿಡಬೇಕು. ಅದು ನಿಷೇಧಿತ ಬೋರ್, ಅಂದರೆ ಸಾಮಾನ್ಯರಿಗೆ ಕೊಡದ ನಳಿಗೆಯ ಅಳತೆ. ಸಾಮಾನ್ಯವಾಗಿ ಕೊಳ್ಳುವುದು .32 (ಇದು ಇಂಚಿನ ಲೆಕ್ಕ). ಅದರಲ್ಲೂ ಎರಡು ಬಗೆ.

ರಿವಾಲ್ವರಿನ ‘ಎಸ್ ಅಂಡ್ ಡಬ್ಲ್ಯು ಲಾಂಗ್’ ತೋಟಾದಲ್ಲಿ ಸುಮಾರು 98 ಗ್ರೇನ್ (ಆರು ಗ್ರಾಂ ಚಿಲ್ಲರೆ) ತೂಕದ ಗುಂಡು. ವೇಗ ಸೆಕೆಂಡಿಗೆ 700 ಅಡಿಯ ಆಸುಪಾಸು. ಪಿಸ್ತೂಲಿನ ‘ಎಸಿಪಿ’ ತೋಟಾದಲ್ಲಿ 71 ಗ್ರೇನ್, 900 ಅಡಿ. ಒಂದು ಭಾರ, ಇನ್ನೊಂದು ಚುರುಕು. ಹೊಡೆತದ ಶಕ್ತಿಯಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ. ಆದರೆ ಒಂದರ ತೋಟಾ ಇನ್ನೊಂದಕ್ಕೆ ಹಾಕುವಂತಿಲ್ಲ.

ಆದ್ದರಿಂದ ಗ್ರೇನ್ ಲೆಕ್ಕ ಬಿಟ್ಟು ಕೈಯ ಅಭ್ಯಾಸ ನೋಡಿ. ತೋಟಾ ಸಿಡಿಯದೆ ಹೋದರೆ ರಿವಾಲ್ವರಿನ ಟ್ರಿಗರ್ ಮತ್ತೆ ಒತ್ತಿದರಾಯಿತು, ಸಿಲಿಂಡರ್ ತಿರುಗಿ ಮುಂದಿನದು ಎದುರಿಗೆ ಬರುತ್ತದೆ. ಪಿಸ್ತೂಲಿನಲ್ಲಿ ಸ್ಲೈಡ್ ಹಿಂದಕ್ಕೆಳೆದು ಕೆಟ್ಟದ್ದನ್ನು ಹೊರದೂಡಬೇಕು. ಗಾಬರಿಯಲ್ಲಿ ನಡುಗುವ ಕೈಗೆ ಅದು ಸುಲಭವಲ್ಲ. ಪಿಸ್ತೂಲು ತೆಳು, ಅಂಗಿಯೊಳಗೆ ಅಡಗುತ್ತದೆ, ಮ್ಯಾಗಜಿನ್ ಬದಲಿಸುವುದೂ ಬೇಗ. ಆದರೂ ಅಪರೂಪಕ್ಕೆ ಅಭ್ಯಾಸ ಮಾಡುವವರಿಗೆ ನನ್ನ ಮತ ರಿವಾಲ್ವರಿಗೇ. (ಚುನಾವಣೆ ಬಂದರೆ ಸಾಮಾನ್ಯವಾಗಿ ಯಾವುದಾದರೂ ಠಾಣೆಯಲ್ಲಿ ಇಟ್ಟು ಬರಬೇಕು!)

.22 ಅಗ್ಗ, ಒದೆತ ಕಡಿಮೆ. ಗುರಿ ಕಲಿಯಲು ಸಾಕು, ರಕ್ಷಣೆಗೆ ಬೇಡ. ಕೊಳ್ಳುವ ಮುನ್ನ ಅಂಗಡಿಯಲ್ಲಿ ಯಾವ ತೋಟಾ ಸದಾ ಸಿಗುತ್ತದೆಂದು ಕೇಳಿ; ವರ್ಷಕ್ಕೆ ಎಷ್ಟು ಕೊಳ್ಳಬಹುದೆಂಬುದು ಪರವಾನಗಿಯಲ್ಲೇ ಇರುತ್ತದೆ.