ಯೊಸೆಮಿಟಿಯಲ್ಲಿ ಮದುವೆ: 150 ಡಾಲರಿನ ಪರ್ಮಿಟ್ಟು, ಒಂದು ಬಟ್ಟಲು ಅಕ್ಷತೆ

ಹನುಮಂತನಗರದ ನಮ್ಮ ಮನೆ ಜಗುಲಿಯಲ್ಲಿ ಅವರೆಕಾಳು ಹಿಚುಕುತ್ತಾ ಕೂತಿದ್ದೆ. ಮಗಳ ವಿಡಿಯೋ ಕಾಲ್ ಬಂತು. "ಅಪ್ಪ, ಛತ್ರ ಬೇಡ. ಯೊಸೆಮಿಟಿಯಲ್ಲಿ ಮದುವೆ ಮಾಡ್ಕೋತೀವಿ" ಅಂದಳು. ಕನಕಪುರ ರಸ್ತೆ ಕಡೆ ಎದ್ದಿರುವ ಯಾವುದೋ ಹೊಸ ಕನ್ವೆನ್ಷನ್ ಹಾಲ್ ಇರಬೇಕು ಅಂದುಕೊಂಡು, "ಪಾರ್ಕಿಂಗ್ ಹೇಗಿದೆ?" ಅಂತ ಕೇಳಿದೆ. ಅವಳು ಐದು ನಿಮಿಷ ನಕ್ಕಳು.

ಅದು ಕ್ಯಾಲಿಫೋರ್ನಿಯಾದ ರಾಷ್ಟ್ರೀಯ ಉದ್ಯಾನ. ಅಲ್ಲಿ ಮದುವೆ ಮಾಡಲು ಪರ್ಮಿಟ್ ಬೇಕು. ನಾನು 34 ವರ್ಷ ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ನೋಡಿದವನು. ಅರ್ಜಿ ಅಂದರೆ ಈಗಲೂ ಕೈ ತುರಿಸುತ್ತದೆ. ಹಾಗಾಗಿ ಮದುವೆಯ ಬಗ್ಗೆ ಬರೆಯುವ ಬದಲು ಆ ಪರ್ಮಿಟ್ ಬಗ್ಗೆ ಬರೆಯುತ್ತಿದ್ದೇನೆ. ಊರಲ್ಲಿ ಮೂರ್ನಾಲ್ಕು ಜನ ಆಗಲೇ ಕೇಳಿದರು, ಅವರ ಮಕ್ಕಳಿಗೂ ಇದೇ ಆಸೆಯಂತೆ.

ಮೊದಲು ಒಂದು ಮಾತು. ನನ್ನ ಭಾವಮೈದ ಕೇಳಿದ್ದ, "ಅಷ್ಟು ದೂರ ಯಾಕೆ, ನಮ್ಮ ಬನ್ನೇರುಘಟ್ಟದಲ್ಲೇ ಮಾಡಿ" ಅಂತ. ಅದು ಆಗುವ ಮಾತಲ್ಲ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡಿನೊಳಗೆ ಬಿಡಲು ಇರುವ ಕಾರಣಗಳು ಬೆರಳೆಣಿಕೆಯಷ್ಟು. ಅಧ್ಯಯನ, ಫೋಟೋ, ಸಂಶೋಧನೆ, ಪ್ರವಾಸ, ಒಳಗೆ ವಾಸ ಇರುವವರ ಜೊತೆ ವ್ಯವಹಾರ. ಮದುವೆ ಆ ಪಟ್ಟಿಯಲ್ಲಿ ಇಲ್ಲ. ಇರಲೂಬಾರದು ಅನ್ನಿ. ನಮ್ಮ ಮದುವೆಯ ಬ್ಯಾಂಡ್ ಸೆಟ್ ಕೇಳಿದರೆ ಆನೆಗಳು ತಮಿಳುನಾಡಿಗೆ ಹೋಗುತ್ತವೆ.

ಯೊಸೆಮಿಟಿಯವರು ಬಿಡುತ್ತಾರೆ, ಆದರೆ ಅಳೆದು ಬಿಡುತ್ತಾರೆ. ಅರ್ಜಿ ಶುಲ್ಕ 150 ಡಾಲರ್, 2024ರ ಲೆಕ್ಕದಲ್ಲಿ ಸುಮಾರು ಹನ್ನೆರಡೂವರೆ ಸಾವಿರ ರೂಪಾಯಿ. ಮದುವೆ ಮುರಿದರೂ ವಾಪಸ್ ಇಲ್ಲ. ಒಂದು ವರ್ಷ ಮೊದಲೇ ಹಾಕಬಹುದು, ಕೊನೆಪಕ್ಷ 21 ದಿನ ಮುಂಚೆ ಹಾಕಲೇಬೇಕು. ಯಾವ ಜಾಗ, ಎಷ್ಟು ಜನ, ಎಷ್ಟು ಕಾರು, ಎಷ್ಟು ಗಂಟೆಗೆ ಶುರು, ಎಷ್ಟಕ್ಕೆ ಮುಗಿಯುತ್ತದೆ, ಎಲ್ಲ ಬರೆಯಬೇಕು. ಜಾಗ ಅವರು ಗುರುತಿಸಿದ ಕೆಲವೇ ಕಡೆ. ಮಗಳು ಆರಿಸಿದ್ದು ಕ್ಯಾಥೀಡ್ರಲ್ ಬೀಚ್. ಬೀಚ್ ಅಂದರೆ ಸಮುದ್ರ ಅಲ್ಲ, ಮರ್ಸೆಡ್ ಎಂಬ ನದಿಯ ಮರಳು ದಂಡೆ. ಎದುರಿಗೆ ಎಲ್ ಕ್ಯಾಪಿಟನ್ ಬಂಡೆ.

ಮುಗಿಯುವ ಸಮಯದ ಕಾಲಂ ನೋಡಿ ನಮ್ಮ ಮನೆಯವರಿಗೆ ತಲೆ ಬಿಸಿ. "ಮದುವೆ ಎಷ್ಟು ಗಂಟೆಗೆ ಮುಗಿಯುತ್ತೆ ಅಂತ ಯಾರಾದರೂ ಬರೆದುಕೊಡೋಕೆ ಆಗುತ್ತಾ?" ಗವಿಪುರದ ಪುರೋಹಿತರನ್ನು ಕೇಳಿದೆವು. ಅವರು ಅಲ್ಲಿಯ ಸೂರ್ಯೋದಯ ಹಾಕಿ ಲೆಕ್ಕ ಮಾಡಿದರು. ಇಲ್ಲಿಯ ಪಂಚಾಂಗದ ಸಮಯ ಅಲ್ಲಿಗೆ ನಡೆಯುವುದಿಲ್ಲ, ಹನ್ನೆರಡೂವರೆ ಗಂಟೆ ವ್ಯತ್ಯಾಸ. ಕೊನೆಗೆ ಸಿಕ್ಕಿದ್ದು 2024ರ ಆಗಸ್ಟ್ 22, ಗುರುವಾರ, ಶ್ರಾವಣ ಮಾಸ, ಬೆಳಗ್ಗೆ 9:05ಕ್ಕೆ ಕನ್ಯಾ ಲಗ್ನ. ಅರ್ಜಿಯಲ್ಲಿ ಎಂಟರಿಂದ ಹತ್ತು ಅಂತ ಬರೆದೆವು. ವಾರದ ನಡುವೆ ಆದ್ದರಿಂದ ಕೇಳಿದ್ದೇ ಸಿಕ್ಕಿತು.

ಇನ್ನು ನಿಯಮಗಳು. ಅಕ್ಕಿ ಎರಚುವಂತಿಲ್ಲ. ಹೂವಿನ ಎಸಳು ಚೆಲ್ಲುವಂತಿಲ್ಲ. ಬೆಂಕಿ ಹಚ್ಚುವಂತಿಲ್ಲ. ಸ್ಪೀಕರ್ ಇಲ್ಲ, ಬಲೂನ್ ಇಲ್ಲ, ಡ್ರೋನ್ ಅಂತೂ ಕೇಳಲೇಬೇಡಿ. ಓದುತ್ತಾ ಹೋದ ಹಾಗೆ ನಮ್ಮ ಮದುವೆಯೇ ಒಂದೊಂದಾಗಿ ಕಳಚಿ ಬೀಳುತ್ತಿತ್ತು. ಅಕ್ಷತೆ ಇಲ್ಲ, ಹೋಮ ಇಲ್ಲ, ವಾಲಗ ಇಲ್ಲ. ಉಳಿದದ್ದು ಹುಡುಗ, ಹುಡುಗಿ, ತಾಳಿ.

ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಆದರೆ ನಿಯಮದಲ್ಲಿ ತಪ್ಪಿಲ್ಲ. ಆ ಅಕ್ಕಿ ಅಲ್ಲಿಯ ಅಳಿಲು, ಹಕ್ಕಿಗಳ ಊಟ ಅಲ್ಲ. ಆಗಸ್ಟ್‌ನಲ್ಲಿ ಅಲ್ಲಿಯ ಹುಲ್ಲು ಕಡ್ಡಿ ಗೀರಿದರೆ ಹತ್ತುವ ಹಾಗೆ ಒಣಗಿರುತ್ತದೆ. ಪುರೋಹಿತರೇ ದಾರಿ ಹೇಳಿದರು: "ಜೀರಿಗೆ ಬೆಲ್ಲ, ಮಾಂಗಲ್ಯಧಾರಣೆ ನದಿ ಹತ್ತಿರ. ಲಾಜಾಹೋಮ, ಸಪ್ತಪದಿ ಮಾರನೇ ದಿನ ದೇವಸ್ಥಾನದಲ್ಲಿ. ಅಕ್ಷತೆ ಬಟ್ಟಲನ್ನು ಎಲ್ಲರೂ ಮುಟ್ಟಿ ಹರಸಲಿ, ತಲೆ ಮೇಲೆ ಹಾಕುವುದು ನಾಳೆ." ಮಂತ್ರ ಹೇಳುವವರಲ್ಲಿ ಇಷ್ಟು ಚೌಕಾಸಿಗೆ ಒಪ್ಪುವವರು ಇದ್ದಾರೆ ಅಂತ ನನಗೆ ಗೊತ್ತಿರಲಿಲ್ಲ.

ಈಗ ದೂರು. ಪಾರ್ಕಿನ ಮೇಲಲ್ಲ. ಮಗಳು ಕೆಲಸದ ಗಡಿಬಿಡಿಯಲ್ಲಿ "ಪರ್ಮಿಟ್ ಮಾಡಿಸಿಕೊಡುತ್ತೇವೆ" ಎನ್ನುವ ಒಂದು ಏಜೆನ್ಸಿಯನ್ನು ಹಿಡಿದಿದ್ದಳು. ಹೆಸರು ಬೇಡ ಬಿಡಿ. ಪಾರ್ಕಿನ ಶುಲ್ಕ 150, ಇವರ ಸೇವಾ ಶುಲ್ಕ 450. ಮೂಗಿಗಿಂತ ಮೂಗುತಿ ಭಾರ! ಮಾಡಿದ ಕೆಲಸ ಏನು? ನಾವು ಬರೆದುಕೊಟ್ಟ ಉತ್ತರಗಳನ್ನೇ ಅರ್ಜಿಯಲ್ಲಿ ತುಂಬಿದ್ದು. ಅದರಲ್ಲೂ 26 ಜನ ಅನ್ನುವುದನ್ನು 62 ಮಾಡಿದ್ದರು. ಪಾರ್ಕಿನ ಕಚೇರಿಯಿಂದ ಮೇಲ್ ಬಂದ ಮೇಲೆ ಸರಿಯಾಯಿತು. ಹೋಗಲಿ ಅಂದರೆ, ಮದುವೆ ಲೈಸೆನ್ಸ್ ಕೂಡ ಇದರಲ್ಲೇ ಸೇರಿದೆ ಅಂತ ಬಾಯಿ ಬಿಟ್ಟು ಹೇಳಿದ್ದರು. ಸೇರಿಲ್ಲ. ಪರ್ಮಿಟ್ ಎಂದರೆ ಆ ನೆಲದ ಮೇಲೆ ಎರಡು ಗಂಟೆ ನಿಲ್ಲಲು ಅನುಮತಿ, ಅಷ್ಟೇ. ಕಾನೂನು ಪ್ರಕಾರ ಮದುವೆಯಾಗಲು ಬೇಕಾದ ಲೈಸೆನ್ಸ್ ಕೊಡುವುದು ಕೌಂಟಿ ಕಚೇರಿ, ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಹುಡುಗ ಹುಡುಗಿ ಇಬ್ಬರೂ ಗುರುತಿನ ಚೀಟಿ ಹಿಡಿದು ಹೋಗಬೇಕು. ಕ್ಯಾಲಿಫೋರ್ನಿಯಾದ ಯಾವ ಕೌಂಟಿಯಲ್ಲಿ ಪಡೆದರೂ ರಾಜ್ಯದಲ್ಲೆಲ್ಲ ನಡೆಯುತ್ತದೆ, ಆದರೆ 90 ದಿನ ಮಾತ್ರ.

ಇದು ಗೊತ್ತಾಗಿದ್ದು ಜುಲೈನಲ್ಲಿ. ಪರ್ಮಿಟ್ ಪ್ರತಿಯನ್ನು ಹಳೇ ಚಾಳಿಯಂತೆ ಕೊನೆಯ ಸಾಲಿನವರೆಗೂ ಓದಿದಾಗ ಅನುಮಾನ ಬಂತು. ಮಗಳು "ನಾಳೆಯೇ ಹೋಗಿ ತರ್ತೀವಿ" ಅಂದಳು. ನಮ್ಮ ಮನೆಯವರು "ಆಷಾಢದಲ್ಲಿ ಮದುವೆ ಕಾಗದಕ್ಕೆ ಸಹಿ ಹಾಕ್ತಾರಾ?" ಅಂದರು. ಕೊನೆಗೆ ಶ್ರಾವಣ ಹುಟ್ಟಿದ ಮೇಲೇ ಹೋದರು. ಅಮೆರಿಕದ ಸರ್ಕಾರವೂ ನಮ್ಮ ಮನೆಯವರ ಮುಂದೆ ಕಾಯಬೇಕು.

ಆ ದಿನ. ಹಿಂದಿನ ರಾತ್ರಿ ಮಾರಿಪೋಸಾ ಎಂಬ ಊರಿನಲ್ಲಿ ತಂಗಿದ್ದೆವು, ಅಲ್ಲಿಂದ ಕಣಿವೆಗೆ ಸುಮಾರು ಒಂದು ಗಂಟೆ. ಗೇಟಿನಲ್ಲಿ ಕಾರಿಗೆ ಆಗ 35 ಡಾಲರ್ ಬೇರೆ ಕೊಡಬೇಕಿತ್ತು, ಮದುವೆ ಮನೆಯವರು ಅಂತ ರಿಯಾಯಿತಿ ಇರಲಿಲ್ಲ. ಫೋಟೋದಲ್ಲಿ ನೋಡಿದ ಯೊಸೆಮಿಟಿ ಜಲಪಾತ ಅಷ್ಟು ಹೊತ್ತಿಗೆ ಒಣಗಿ ಕೂತಿತ್ತು. ಆಗಸ್ಟ್ ಅಂದರೆ ಹಾಗೇ, ನೀರು ಬೇಕಾದವರು ಮೇ ತಿಂಗಳಲ್ಲಿ ಹೋಗಿ. ನಾನು ಲಾಲ್‌ಬಾಗ್ ಬಂಡೆ ಹತ್ತಿ ಬೆಳೆದವನು, ಸಾವನದುರ್ಗಕ್ಕೆ ಬೆರಗಾದವನು. ಎಲ್ ಕ್ಯಾಪಿಟನ್ ಸುಮಾರು 3,000 ಅಡಿ, ನೆಟ್ಟಗೆ. ಕತ್ತು ಎತ್ತಿದರೆ ಪೇಟ ಹಿಂದಕ್ಕೆ ಬೀಳುತ್ತದೆ.

ಪರ್ಮಿಟ್ ಇದ್ದ ಮಾತ್ರಕ್ಕೆ ಜಾಗ ನಮ್ಮದಾಗುವುದಿಲ್ಲ, ಇದು ನೆನಪಿರಲಿ. ಅಂತರಪಟ ಹಿಡಿದಾಗ ಹತ್ತು ಮಾರು ದೂರದಲ್ಲಿ ಯಾರದೋ ಮಕ್ಕಳು ನೀರಿನಲ್ಲಿ ಆಡುತ್ತಿದ್ದವು. ಅವರಮ್ಮ ಟವೆಲ್ ಸುತ್ತಿಕೊಂಡು ನಿಂತು ಪೂರ್ತಿ ನೋಡಿದಳು. ತಾಳಿ ಕಟ್ಟುವಾಗ ಗಟ್ಟಿಮೇಳ ಇಲ್ಲ. ಪುರೋಹಿತರು "ಗಟ್ಟಿಮೇಳ, ಗಟ್ಟಿಮೇಳ" ಅಂತ ಅಭ್ಯಾಸಬಲದಿಂದ ಕೈ ಎತ್ತಿದರು. ನಾವು 26 ಜನ ಚಪ್ಪಾಳೆ ತಟ್ಟಿದೆವು. ಆ ಮಕ್ಕಳೂ ತಟ್ಟಿದವು.

ಜೀರಿಗೆ ಬೆಲ್ಲದ್ದೇ ಭಯ ಇತ್ತು. ತಲೆ ಮೇಲೆ ಇಟ್ಟಾಗ ಉದುರುತ್ತದಲ್ಲ. ನಮ್ಮ ಮನೆಯವರು ಹಿಂದಿನ ರಾತ್ರಿ ಹೋಟೆಲ್ ರೂಮಿನಲ್ಲಿ ಬೆಲ್ಲ ಜಾಸ್ತಿ ಹಾಕಿ, ಎರಡು ತೊಟ್ಟು ನೀರು ಬಿಟ್ಟು, ಜೀರಿಗೆ ಅಲ್ಲಾಡದ ಹಾಗೆ ಅಂಟು ಉಂಡೆ ಮಾಡಿದ್ದರು. ವೀಳ್ಯದೆಲೆ ಸಮೇತ ತಲೆ ಮೇಲೆ ಕೂತಿತು. ಆದರೂ ಅಳಿಯನ ಕಿವಿಯ ಪಕ್ಕದಿಂದ ಮೂರೋ ನಾಲ್ಕೋ ಕಾಳು ಜಾರಿ ಮರಳಿಗೆ ಬಿದ್ದವು. ಬೀಗರು ಹುಬ್ಬಳ್ಳಿಯವರು, ತಿಂಗಳಿಂದ "ಏನ್ರೀ ಬೀಗರ, ಅಡವ್ಯಾಗ ಮದುವಿ, ಅಕ್ಕಿಕಾಳೂ ಇಲ್ಲಾ!" ಅಂತ ಛೇಡಿಸುತ್ತಿದ್ದವರು. ಅವರೇ ರೇಷ್ಮೆ ಪಂಚೆ ಮೇಲೆತ್ತಿ ಮೊಣಕಾಲೂರಿದರು. ಬೆರಳಿಗೆ ಎಂಜಲು ಹಚ್ಚಿಕೊಂಡು, ಒಂದೊಂದೇ ಜೀರಿಗೆಯನ್ನು ಅಂಟಿಸಿ ತೆಗೆದು ಜೇಬಿಗೆ ಹಾಕಿಕೊಂಡರು. ಜೊತೆಗೆ ಒಂದಿಷ್ಟು ಮರಳೂ ಹೋಯಿತು. ಅದಕ್ಕೂ ನಿಯಮ ಇರಬೇಕು, ನಾನು ಕೇಳಲಿಲ್ಲ.

ಮುಗಿದಾಗ 9:52. ಬ್ಯಾಂಕಿನಲ್ಲೂ ನಾನು ಇಷ್ಟು ಸರಿಯಾಗಿ ಕೌಂಟರ್ ಮುಚ್ಚಿದವನಲ್ಲ. ಲೈಸೆನ್ಸಿಗೆ ಪುರೋಹಿತರು ಸಹಿ ಹಾಕಿದರು, ಒಬ್ಬ ಸಾಕ್ಷಿ ಸಹಿ ಹಾಕಿದರು. ಆ ಕಾಗದವನ್ನು ಹತ್ತು ದಿನದೊಳಗೆ ಕೌಂಟಿಗೆ ವಾಪಸ್ ಕಳಿಸಬೇಕು, ಮರೆಯಬೇಡಿ.

ಊಟದ ವಿಷಯ ಚುಟುಕಾಗಿ. ಪುಳಿಯೋಗರೆ, ಚಿರೋಟಿ ಕಟ್ಟಿಕೊಂಡು ಹೋಗಿದ್ದೆವು. ಕರಡಿಗಳಿಗೆ ವಾಸನೆ ಸಿಕ್ಕಿದರೆ ಕಾರಿನ ಬಾಗಿಲನ್ನೇ ಕೀಳುತ್ತವಂತೆ. ಕತ್ತಲಾದ ಮೇಲೆ ಕಾರಿನಲ್ಲಿ ತಿಂಡಿ ಇಡುವಂತಿಲ್ಲ, ಕರಡಿಗೆ ತೆರೆಯಲಾಗದ ಕಬ್ಬಿಣದ ಪೆಟ್ಟಿಗೆಗಳಿವೆ. ನಮಗೆ ಅದು ಬೇಕಾಗಲಿಲ್ಲ. ಮಧ್ಯಾಹ್ನದೊಳಗೆ ಡಬ್ಬಿ ಖಾಲಿ.

ಪರ್ಮಿಟ್ಟಿಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಹೇಳಿದ್ದನ್ನು ಕೊಟ್ಟರು, ಹೇಳದ್ದನ್ನು ಕೇಳಲಿಲ್ಲ. ನಮ್ಮ ಕಡೆ ಛತ್ರದವರು ಕೊನೆಗೆ ಕರೆಂಟಿಗೆ ಬೇರೆ, ಕ್ಲೀನಿಂಗಿಗೆ ಬೇರೆ, ಗ್ಯಾಸಿಗೆ ಬೇರೆ ಅಂತ ಬಿಲ್ ಹಿಡಿದು ನಿಲ್ಲುತ್ತಾರಲ್ಲ, ಆ ಕಾಟ ಇಲ್ಲ. ಅರ್ಧ ಕಳೆದಿದ್ದು ವಾಲಗಕ್ಕೆ. ಏಜೆನ್ಸಿಗೆ ಸೊನ್ನೆ. ಅರ್ಜಿಯನ್ನು ನೀವೇ ತುಂಬಿ, ಒಂದು ಸಂಜೆಯ ಕೆಲಸ.

ಶುಕ್ರವಾರ ದೇವಸ್ಥಾನದಲ್ಲಿ ಸಪ್ತಪದಿ ಆದ ಮೇಲೆ ಅಕ್ಷತೆ ಬಟ್ಟಲು ಹೊರಗೆ ಬಂತು. ಬೀಗರು ಒಂದು ಮುಷ್ಟಿ ಹಾಕಿದರು. ಪಕ್ಕಕ್ಕೆ ಸರಿಯದೆ ಇನ್ನೊಂದು ಮುಷ್ಟಿ ತೆಗೆದರು. "ಇದು ನಿನ್ನಿದು" ಅಂದರು.