ಕೆರೆ ಕೆಲಸಕ್ಕೆ ಯಾವ ದುಡ್ಡು ಕೇಳೋದು: ಬಜೆಟ್ಟೋ, ಗಣಿ ನಿಧಿಯೋ, ಸಿಎಸ್‌ಆರೋ?

ಚಿಕ್ಕಬಳ್ಳಾಪುರ ಕಡೆಯ ಪಂಚಾಯಿತಿ ಸದಸ್ಯರೊಬ್ಬರು ಕೇಳಿದ್ದಾರೆ: ಊರ ಕೆರೆ ಹೂಳೆತ್ತಿಸಬೇಕು, ಯಾವ ಬಾಗಿಲು ತಟ್ಟೋಣ?

ಮೊದಲು ಕೆಲಸದ ಗಾತ್ರ ನೋಡಿ. ಏರಿ ಬಿರುಕು ಬಿಟ್ಟಿದೆ, ಕೋಡಿ ಒಡೆದಿದೆ ಅಂದ್ರೆ ಸರ್ಕಾರದ ಬಜೆಟ್ ದುಡ್ಡೇ ಸರಿ. ಅಚ್ಚುಕಟ್ಟು, ಅಂದರೆ ಕೆರೆ ನೀರುಣಿಸುವ ಜಮೀನು, 40 ಹೆಕ್ಟೇರ್‌ಗಿಂತ ಜಾಸ್ತಿ ಇದ್ದರೆ ಸಣ್ಣ ನೀರಾವರಿ ಇಲಾಖೆ. ಎಚ್.ಎನ್. ವ್ಯಾಲಿಯಂಥ ಯೋಜನೆ, ಅಂದರೆ ಬೆಂಗಳೂರಿನ ಸಂಸ್ಕರಿಸಿದ ನೀರು ತಂದು ಕೆರೆ ತುಂಬಿಸೋದು, ಬೇರೆ ಯಾರ ಕೈಲೂ ಆಗಲ್ಲ. ಆದರೆ ಅಂದಾಜು ಪಟ್ಟಿ, ಮಂಜೂರಾತಿ, ಟೆಂಡರ್ ಅಂತ ಕಾಯಬೇಕು.

ಊರ ಪಕ್ಕ ಕ್ವಾರಿ ಇದೆಯಾ? ಹಾಗಾದರೆ ಜಿಲ್ಲಾ ಖನಿಜ ನಿಧಿ ಕೇಳಿ. ಗಣಿ ಕಾಯ್ದೆಗೆ ಆದ 2015ರ ತಿದ್ದುಪಡಿಯಿಂದ ಬಂದದ್ದು, ಗಣಿ ನಡೆಸುವವರು ರಾಯಲ್ಟಿ ಜೊತೆ ಕಟ್ಟುವ ಹಣ. ಕುಡಿಯುವ ನೀರು, ಪರಿಸರ ರಕ್ಷಣೆಗೆ ಇದರಲ್ಲಿ ಆದ್ಯತೆ ಇದೆ. ಅರ್ಜಿಯಲ್ಲಿ ಸುಮ್ನೆ ‘ಕೆರೆ ಅಭಿವೃದ್ಧಿ’ ಅಂತ ಬರೆಯಬೇಡಿ. ಕಲ್ಲುಪುಡಿ ಎಲ್ಲಿಂದ ಹರಿದು ಬಂದು ತೂಬಿನ ಬಾಯಿ ಮುಚ್ಚಿದೆ ಅಂತ ಫೋಟೋ ಸಮೇತ ತೋರಿಸಿ. ಕ್ವಾರಿಯೇ ಇಲ್ಲದ ಊರಿಗೆ ಈ ದಾರಿ ಕಷ್ಟ.

ಸಿಎಸ್‌ಆರ್, ಅಂದರೆ ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಗೆ ಅಂತ ಕೊಡುವ ದುಡ್ಡು, ಸಣ್ಣ ಕೆಲಸಕ್ಕೆ ಚೆನ್ನ. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ. 2ರಷ್ಟು ಖರ್ಚು ಮಾಡಬೇಕು, ಸುತ್ತಮುತ್ತಲ ಊರಿಗೆ ಮೊದಲು. ಗೌರಿಬಿದನೂರು, ನರಸಾಪುರ, ವಸಂತನರಸಾಪುರದ ಕೈಗಾರಿಕಾ ಪ್ರದೇಶಗಳ ಹತ್ತಿರದವರಿಗೆ ಇದು ಅನುಕೂಲ. ಹೂಳೆತ್ತುತ್ತಾರೆ, ಗಿಡ ನೆಡುತ್ತಾರೆ, ಬೋರ್ಡೂ ಹಾಕುತ್ತಾರೆ! ಮುಂದಿನ ವರ್ಷ ರಾಜಕಾಲುವೆಯ ಜಾಲಿ ಕಡಿಯೋರು ಯಾರು ಅನ್ನೋದನ್ನು ಮಾತ್ರ ಒಪ್ಪಂದದಲ್ಲೇ ಬರೆಸಿಕೊಳ್ಳಿ.